ಸಹಾಯ ಬೇಕು: ಮಾದರಿ ರೈಲಿನ ಕೊನೇ ಬೋಗಿ ಬ್ಲಾಕಿನಾಗ ಇದ್ರೂ ಸಿಗ್ನಲ್ ಹಸಿರು ಆಗ್ತದ

ಹುಬ್ಬಳ್ಳಿ-ಗದಗ ಲೈನಿನ ಎಚ್‌ಒ (1:87 ಅಳತಿ) ಮಾದರಿ, 16.5 ಮಿ.ಮೀ. ಗೇಜ್. ಡಿಸಿಸಿ (ಎಂಜಿನ್‌ಗೆ ಹಳಿ ಮೂಲಕನೇ ಡಿಜಿಟಲ್ ಆಜ್ಞೆ ಕಳಿಸೋ ಪದ್ಧತಿ), ಹಳಿಗೆ 15 ವೋಲ್ಟ್. ಪ್ರತಿ ಬ್ಲಾಕಿಗೂ (ವಿದ್ಯುತ್ತಿಗೆ ಬ್ಯಾರೆ ಮಾಡಿದ ಹಳಿ ತುಂಡು) ಕರೆಂಟ್ ಟ್ರಾನ್ಸ್‌ಫಾರ್ಮರ್ ಸೆನ್ಸರ್ (ವೈರಿನಾಗ ಹರಿಯೋ ಕರೆಂಟ್ ಗುರ್ತಿಸೋದು), ಅದರಿಂದ ಸಿಗ್ನಲ್ ನಡಸೋ ಆರ್ಡುಯಿನೊ ಬೋರ್ಡಿಗೆ.

ಎಂಜಿನ್ ಬಂದದ್ದು ಸೆನ್ಸರಿಗೆ ಸರಿಯಾಗೇ ಗೊತ್ತಾಗ್ತದ. ಬೋಗಿ ಕರೆಂಟ್ ತಗೊಳ್ಳೋದಿಲ್ಲ ನೋಡ್ರಿ, ಹಿಂಗಾಗಿ ಎಂಜಿನ್ ಮುಂದಿನ ಬ್ಲಾಕಿಗೆ ದಾಟಿದ ಕೂಡ್ಲೇ ಹಿಂದಿನದು ಖಾಲಿ ಅಂತ ತೋರಸ್ತದ. ಕೊನೇ ಬೋಗಿಯ ಒಂದು ಆಕ್ಸಲ್‌ಗೆ 10 ಕಿಲೋಓಮ್ ರೆಸಿಸ್ಟರ್ ಅಂಟಿಸಿ, ಎರಡೂ ಗಾಲಿಗೆ ಕಂಡಕ್ಟಿವ್ ಪೇಂಟ್ ಎಳೆದದ್ದಾತು. ಸಿಗೋದು 1.5 ಮಿಲಿಆಂಪ್, ಸೆನ್ಸರ್ ಕ್ಯಾರೇ ಅನ್ನಲಿಲ್ಲ. ಟ್ರಾನ್ಸ್‌ಫಾರ್ಮರ್ ಒಳಗ ಫೀಡರ್ ವೈರ್ (ಹಳಿಗೆ ಕರೆಂಟ್ ಒಯ್ಯೋದು) 6 ಸುತ್ತು ಹಾಕಿದ ಮ್ಯಾಲೆ ಹಿಡೀತು.

ಈಗ ಉಲ್ಟಾ ತೊಂದ್ರಿ. ಧಾರವಾಡದ ಜಿಟಿಜಿಟಿ ಮಳಿ ಹಿಡೀತಂದ್ರ ಖಾಲಿ ಬ್ಲಾಕೂ 'ಗಾಡಿ ಅದ' ಅಂತದ. ಫೀಡರ್ ಬಿಚ್ಚಿ ಮೀಟರ್ ಇಟ್ರ ಹಳಿ ನಡುವೆ ಸುಮಾರು 20 ಕಿಲೋಓಮ್. ಫೆವಿಕಾಲ್ ನೀರಿನಾಗ ಅಂಟಿಸಿದ ಜಲ್ಲಿ ತೇವ ಹೀರಿರಬೇಕು. ಅಂದ್ರ ಲೀಕೇಜೇ 0.75 ಮಿಲಿಆಂಪ್. ಕೋಡಿನಾಗ 2 ಸೆಕೆಂಡ್ ಡಿಲೇ ಹಾಕಿದ್ರ ಹೊಲಸು ಗಾಲಿಯ ಮಿಣುಕು ನಿಲ್ತದ, ಇದು ನಿಲ್ಲಂಗಿಲ್ಲ.

ಬೋಗಿಯ ಎರಡು ಆಕ್ಸಲ್‌ಗೆ ತಲಾ 4.7 ಕಿಲೋಓಮ್ ಹಾಕಿ, ಸುತ್ತು 3ಕ್ಕ ಇಳಿಸಿದ್ರ ಸಾಕೇನ್ರಿ? ಇಲ್ಲಾ ಜಲ್ಲಿ ಕಿತ್ತು ಮತ್ತ ಹಾಕೋದು ತಪ್ಪಂಗಿಲ್ಲೇನು? ಮಳಿಗಾಲದಾಗೂ ಸರಿಯಾಗಿ ನಡ್ಯೋ ಲೇಔಟ್ ಇದ್ದವರು ನಿಮ್ಮ ರೆಸಿಸ್ಟರ್ ಬೆಲೆ, ಸುತ್ತಿನ ಸಂಖ್ಯೆ ಎರಡೂ ಹೇಳ್ರಿ.