ಅಪ್‌ಡೇಟ್: ಡೆವಲಪರ್ ಕೆಲಸ ಬಿಟ್ಟು ಕಲಬುರಗಿಗೆ ಬಂದ ಮೇಲೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಡೆವಲಪರ್ ಕೆಲಸ ಬಿಟ್ಟು ಕಲಬುರಗಿಗೆ ಬಂದರೆ, ಪೈಥಾನ್ (ಪ್ರೋಗ್ರಾಮಿಂಗ್ ಭಾಷೆ), ಎಸ್‌ಕ್ಯುಎಲ್ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಗೊತ್ತಿರುವವರಿಗೆ ಬೇರೆ ಯಾವ ದಾರಿ ಇದೆ ಅಂತ ಕೇಳಿದ್ದೆ. ಟೆಸ್ಟಿಂಗ್, ಟೆಕ್ನಿಕಲ್ ರೈಟಿಂಗ್, ಪಾಠ ಹೇಳುವುದು, ಸರ್ಕಾರಿ ನೌಕರಿ, ಜಿಐಎಸ್ ಅಂತ ನೀವೆಲ್ಲ ಹೇಳಿದ್ರಿ.

ನಾನು ಹಿಡಿದಿದ್ದು ಜಿಐಎಸ್. ಅಂದರೆ ನಕ್ಷೆಯ ಮೇಲೆ ಮಾಹಿತಿ ಕೂರಿಸುವ ಕೆಲಸ. ಇದಕ್ಕೆ ಬೇಕಾದ ಕ್ಯುಜಿಐಎಸ್ ಅನ್ನೋ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದರೊಳಗೇ ಪೈಥಾನ್ ಬರೆಯಬಹುದು. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ಗೆ ನಕ್ಷೆಯ ಲೆಕ್ಕ ಮಾಡುವ ಪೋಸ್ಟ್‌ಜಿಐಎಸ್ ಸೇರಿಸಿದರೆ, ಈ ಹೊಲದಿಂದ ಎರಡು ಕಿಲೋಮೀಟರ್ ಒಳಗೆ ಯಾವ ಕೆರೆ ಇದೆ ಅನ್ನೋದನ್ನು ಎಸ್‌ಕ್ಯುಎಲ್‌ನಲ್ಲೇ ಕೇಳಬಹುದು. ಹಳೆಯ ವಿದ್ಯೆ ಒಂದೂ ವ್ಯರ್ಥ ಆಗಲಿಲ್ಲ. ಹೊಸದಾಗಿ ಕಲಿಯಬೇಕಾಗಿದ್ದು ಮ್ಯಾಪ್ ಪ್ರೊಜೆಕ್ಷನ್, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ. ಇದಕ್ಕೆ ಸಮಯ ಕೊಡಿ, ಅವಸರ ಬೇಡ. ಇದರಲ್ಲಿ ಎಡವಿದರೆ ಆಳಂದದ ಹೊಲ ನಕ್ಷೆಯಲ್ಲಿ ಬೇರೆಲ್ಲೋ ಹೋಗಿ ಕೂರುತ್ತದೆ.

ಈಗ ಒಂದು ಸಣ್ಣ ಕಂಪನಿಗೆ ಮನೆಯಿಂದಲೇ ತೊಗರಿ ಹೊಲಗಳ ನಕ್ಷೆ ಮಾಡುತ್ತಿದ್ದೇನೆ. ಸಂಬಳ ಮೊದಲಿಗಿಂತ ಕಡಿಮೆ, ನಿಜ. ಆದರೆ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಬೆಳೆ ಅನ್ನೋ ಅಧಿಕೃತ ಗುರುತು) ಸಿಕ್ಕಿದೆ. ಅಂಥ ಬೆಳೆಗೆ ನನ್ನ ಕೋಡ್ ಉಪಯೋಗ ಆಗ್ತಿದೆ ಅಂದರೆ ತುಂಬಾ ಹೆಮ್ಮೆ ಅನಿಸುತ್ತದೆ.

ಸರ್ಕಾರಿ ನೌಕರಿ ಕಡೆ ನೋಡುವವರಿಗೆ ಒಂದು ಮಾತು: ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೇ ಮೀಸಲು. ಅರ್ಹತಾ ಪ್ರಮಾಣಪತ್ರವನ್ನು ಅರ್ಜಿ ಕರೆಯುವ ಮೊದಲೇ ಮಾಡಿಸಿಡಿ.

ಟೆಕ್ನಿಕಲ್ ರೈಟಿಂಗ್ ನಾನು ಮುಟ್ಟಿಲ್ಲ. ಬೀದರ್, ಯಾದಗಿರಿ ಕಡೆಯಿಂದ ಯಾರಾದರೂ ಆ ಕೆಲಸ ಮಾಡ್ತಿದ್ದರೆ ದಯವಿಟ್ಟು ಬರೆಯಿರಿ, ನನ್ನ ತಂಗಿ ಕೇಳ್ತಿದ್ದಾಳೆ.