ಸಹಾಯ ಬೇಕು: ಶುಗರ್ ಇಳೀತು, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರಿ ಕೂತಿದೆ

ನಮ್ಮ ಯಜಮಾನ್ರಿಗೆ ಇನ್ಸುಲಿನ್ ರೆಸಿಸ್ಟೆನ್ಸ್, ಅಂದ್ರೆ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸಲ್ಲ. ಪ್ರಕೃತಿ ಚಿಕಿತ್ಸೆಯವರ ಮಾತು ಕೇಳಿ ಪಿಷ್ಟ, ಸಕ್ಕರೆ ಬಿಟ್ಟು ಕೊಬ್ಬು ಜಾಸ್ತಿ ಮಾಡಿದ್ರು. ಹೊಟ್ಟೆ ಕರಗಿ ಬೆಲ್ಟಿಗೆ ಹೊಸ ತೂತು ಹಾಕಿಸಿದ್ದಾಯ್ತು! ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) 6.2ರಿಂದ 5.7, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಒಂದು ಬಗೆ ಕೊಬ್ಬು) 240ರಿಂದ 130. ಆದ್ರೆ ಎಲ್‌ಡಿಎಲ್ 120 ಇದ್ದದ್ದು 178.

ಹೃದಯದ ಡಾಕ್ಟ್ರು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ) ಬರೆದ್ರು. ಪ್ರಕೃತಿ ಚಿಕಿತ್ಸೆಯವರು "ಟ್ರೈಗ್ಲಿಸರೈಡ್ ಇಳಿದಿದೆಯಲ್ಲ, ಸಾಕು. ಸ್ಟ್ಯಾಟಿನ್‌ನಿಂದ ಶುಗರ್ ಏರುತ್ತೆ" ಅಂತಾರೆ. ಸ್ವಲ್ಪ ಏರಬಹುದು ಅಂತ ಡಾಕ್ಟ್ರೂ ಒಪ್ಪಿದ್ರು, ಆದ್ರೆ ಹೃದಯಕ್ಕಾಗೋ ಲಾಭ ಅದಕ್ಕಿಂತ ದೊಡ್ಡದಂತೆ. ನನಗೂ ಡಾಕ್ಟ್ರ ಮಾತೇ ಸರಿ ಅನ್ಸುತ್ತೆ, ಯಜಮಾನ್ರು ಕೇಳ್ಬೇಕಲ್ಲ.

ಪಿಷ್ಟ ಕಡಿಮೆನೇ ಇಟ್ಟು, ಸ್ಯಾಚುರೇಟೆಡ್ ಕೊಬ್ಬು (ತುಪ್ಪ, ಬೆಣ್ಣೆ ತರದ್ದು) ಇಳಿಸಿ ನಾರಿನಂಶ ಹೆಚ್ಚಿಸಿದ್ಮೇಲೆ ಯಾರಿಗಾದ್ರೂ ಎಲ್‌ಡಿಎಲ್ ಇಳಿದಿದ್ಯಾ? ಎಷ್ಟು ತಿಂಗಳು ಹಿಡೀತು? ಮಾತ್ರೆಗೆ ಮುಂಚೆ ಅಪೊ-ಬಿ ಟೆಸ್ಟ್ (ಕೆಟ್ಟ ಕೊಲೆಸ್ಟ್ರಾಲ್ ಹೊರೋ ಕಣಗಳು ಎಷ್ಟಿವೆ ಅಂತ ತಿಳಿಸೋ ರಕ್ತ ಪರೀಕ್ಷೆ) ಮಾಡಿಸೋದು ಒಳ್ಳೇದಾ?