2¾ + 1⅚: ಛೇದ ಬೇರೆ ಇದ್ದಾಗ ಕೂಡಿಸುವುದು ಹೇಗೆ?

ಪ್ರಶ್ನೆ (ಶಿರಸಿ):
ಮಗಳು 2 ಮತ್ತು 1 ಕೂಡಿಸಿ 3 ಬರೆದಳು. ಆಮೇಲೆ 3+5, 4+6 ಮಾಡಿ 3 8/10 ಅಂದಳು. ಪುಸ್ತಕದ ಉತ್ತರ 4 7/12. ಎಲ್ಲಿ ತಪ್ಪಿತು ಅಂತ ಅವಳಿಗೆ ಹೇಗೆ ತೋರಿಸಲಿ?

ಉತ್ತರ (ಅಂಕೋಲಾ):
ಪೂರ್ಣಾಂಕ ಬೇರೆಯಾಗಿ ಕೂಡಿಸಿದ್ದು ಸರಿಯೇ. ತಪ್ಪಿದ್ದು ಛೇದ ಕೂಡಿಸಿದಲ್ಲಿ. 8/10 ಅಂದರೆ 0.8, ಅದು 5/6ಕ್ಕಿಂತಲೂ ಕಮ್ಮಿ! ಕೂಡಿಸಿದ ಮೇಲೆ ಕಡಿಮೆಯಾಗುವುದುಂಟೇ? ಇದನ್ನೇ ಮೊದಲು ಕೇಳಿ.

ಆಮೇಲೆ ಕರಿ ಇಶಾಡ ಮಾವಿನಹಣ್ಣಿನ ಲೆಕ್ಕ ಹಾಕಿಸಿ. ಮುಕ್ಕಾಲು ಡಜನ್ ಅಂದರೆ 9 ಹಣ್ಣು, 5/6 ಡಜನ್ ಅಂದರೆ 10. ಒಟ್ಟು 19, ಅಂದರೆ ಒಂದು ಡಜನ್ ತುಂಬಿ 7 ಉಳಿಯಿತು. 3ಕ್ಕೆ ಆ 1 ಸೇರಿಸಿ: 4 7/12. ಡಜನ್ನೇ ಯಾಕೆ? 4 ಮತ್ತು 6ರ ಲ.ಸಾ.ಅ. (ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 12. ಕಾಲು ಭಾಗ, ಆರನೇ ಒಂದು ಭಾಗ ಎರಡನ್ನೂ ಹಣ್ಣು ಕತ್ತರಿಸದೆ ಎಣಿಸಬಹುದು.

ಉತ್ತರ (ಕಾರವಾರ):
ಬರೆಯುವಾಗ 3/4ರ ಮೇಲೆ ಕೆಳಗೆ ಎರಡನ್ನೂ 3ರಿಂದ ಗುಣಿಸಬೇಕು (9/12), 5/6ನ್ನು 2ರಿಂದ (10/12). ಮಕ್ಕಳು ಛೇದವನ್ನಷ್ಟೇ 12 ಮಾಡಿ ಅಂಶವನ್ನು ಹಾಗೇ ಬಿಡುತ್ತಾರೆ, ಅಲ್ಲಿ ಕಣ್ಣಿಡಿ. 3 19/12 ಅಂತ ನಿಲ್ಲಿಸುವುದೂ ಉಂಟು.
ತಾಳೆ ನೋಡಲು ವಿಷಮ ಭಿನ್ನರಾಶಿ (ಅಂಶ ಛೇದಕ್ಕಿಂತ ದೊಡ್ಡದು) ಮಾಡಿ: 11/4 + 11/6 = 33/12 + 22/12 = 55/12, ಅಂದರೆ 4 7/12.

ಪ್ರಶ್ನೆ ಕೇಳಿದವರು:
4×6=24 ಹಿಡಿದರೆ?

ಉತ್ತರ (ಅಂಕೋಲಾ):
ನಡೆಯುತ್ತದೆ. 18/24 + 20/24 = 38/24, ಅಂದರೆ 1 14/24. ಕೊನೆಗೆ 2ರಿಂದ ಭಾಗಿಸಿ 7/12 ಮಾಡಲು ಮರೆಯಬಾರದು, ಅಷ್ಟೇ.